ಫುಪ್ಪಿಯ ಟ್ರಂಕಿನ ಹಬ್ಶಿ ಭರ್ಚಿ

ಭಾಲ್ಕಿಯಲ್ಲಿರುವ ನಮ್ಮ ಫುಪ್ಪಿಯ ಮನೆಯ ಮಣ್ಣಿನ ಮಾಳಿಗೆಯನ್ನು ಕೆಡವಿ ಸ್ಲ್ಯಾಬ್ ಹಾಕಿಸುವ ಕೆಲಸ ನಡೆದಿತ್ತು. ಮನೆಯ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಗಾಜು ಒಡೆದ ಲಾಟೀನು, ಎಲ್ಲದರ ಕೆಳಗೆ ಒಂದು ತಗಡಿನ ಟ್ರಂಕು. ಅದರೊಳಗೆ ಹಳೆಯ ದುಪಟ್ಟಾದಲ್ಲಿ ಸುತ್ತಿಟ್ಟಿದ್ದ ಒಂದು ಕಬ್ಬಿಣದ ತುಂಡು. ಒಂದೂವರೆ ಗೇಣು ಉದ್ದ, ತುದಿ ಮೊನಚು, ಬುಡದಲ್ಲಿ ಕೋಲು ತೂರಿಸಲು ಕೊಳವೆ. ಈಟಿಯ ಮೊನೆ.

"ಇದು ಹಬ್ಶಿ ಭರ್ಚಿ, ಬೇಟಾ" ಎಂದರು ಫುಪ್ಪಿ. "ನಮ್ಮ ಹಿರಿಯರೊಬ್ಬರು ಹಬ್ಶಿಯಂತೆ. ಬೀದರ್ ಕೋಟೆಯ ಸಿಪಾಯಿ. ಆಫ್ರಿಕಾದಿಂದ ಬರುವಾಗ ಇದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರಂತೆ. ನನ್ನ ದಾದಿ ಹೇಳುತ್ತಿದ್ದರು."

ಗುಜರಿಯವನು ಅದನ್ನು ತಕ್ಕಡಿಗೆ ಹಾಕಲು ಕೈ ಚಾಚಿದ. ಫುಪ್ಪಿ ಕೊಡಲಿಲ್ಲ. ಸುದ್ದಿ ಹೇಗೋ ಹರಡಿತು. ನಾಲ್ಕೇ ದಿನದಲ್ಲಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಬಂದು, "ಆಫ್ರಿಕಾದ ಅಸಲಿ ಮಾಲು, ಐದು ಸಾವಿರ ಕೊಡುತ್ತೇನೆ" ಎಂದ. ಫುಪ್ಪಿ ಆಗಲೂ ಒಪ್ಪಲಿಲ್ಲ. ಆದರೆ ಔರಾದಿನಲ್ಲಿರುವ ಅವರ ಮಗಳು, ನನ್ನ ಆಪಾ, ಫೋನು ಮಾಡಿ ಅತ್ತುಬಿಟ್ಟರು. "ಅಮ್ಮಿ, ಅದನ್ನು ಕೊಟ್ಟುಬಿಡಿ. ಆ ಹಬ್ಶಿ ಕಥೆಯನ್ನು ಇನ್ನು ಯಾರ ಮುಂದೆಯೂ ಎತ್ತಬೇಡಿ."

ಕಾರಣವಿತ್ತು. ಆಪಾಳ ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಒಳ್ಳೆಯ ಗುಣದ, ನಗುಮುಖದ ಹುಡುಗಿ. ಬಣ್ಣ ಕಪ್ಪು. ಅವಳನ್ನು ನೋಡಲು ಬಂದಿದ್ದ ಗಂಡಿನ ಕಡೆಯ ಹೆಂಗಸೊಬ್ಬರು ಚಹಾ ಕುಡಿಯುತ್ತ, "ಹುಡುಗಿ ಓದಿದ್ದಾಳೆ, ಸರಿ. ಆದರೆ ನಿಮ್ಮ ಖಾಂದಾನಿನಲ್ಲಿ ಹಬ್ಶಿಗಳಿದ್ದರಂತಲ್ಲ?" ಎಂದು ಕೇಳಿ ಹೋಗಿದ್ದರು. ಆ ರಿಷ್ತಾ ಮುಂದುವರಿಯಲಿಲ್ಲ.

ನಾನು ಬೀದರಿನ ಶಾಲೆಯೊಂದರಲ್ಲಿ ಪಾಠ ಹೇಳುವವಳು. "ಮಾರುವುದೋ ಇಡುವುದೋ ಆಮೇಲೆ ನೋಡೋಣ, ಮೊದಲು ಇದು ಎಲ್ಲಿಯದೆಂದು ತಿಳಿಯೋಣ" ಎಂದು ಹೇಳಿ ಭರ್ಚಿಯನ್ನು ನನ್ನ ಚೀಲದಲ್ಲಿಟ್ಟುಕೊಂಡು ಬಂದೆ.

ಬೀದರಿಗೂ ಹಬ್ಶಿಗಳಿಗೂ ಏನು ನಂಟು?

ಇಂದಿನ ಇಥಿಯೋಪಿಯಾ ಮತ್ತು ಅದರ ಸುತ್ತಲಿನ ಸೀಮೆಗೆ ಅರಬರು ಹಬಶ ಎನ್ನುತ್ತಿದ್ದರು. ಅಲ್ಲಿಂದ ಬಂದವರು ಹಬ್ಶಿಗಳು. ನಮ್ಮ ನಗರದ ಪೂರ್ವಕ್ಕೆ ಹಬ್ಶಿ ಕೋಟ್ ಎಂಬ ಗುಡ್ಡವಿದೆ. ಅಲ್ಲಿ ಹಬ್ಶಿ ಸರದಾರರ ಗೋರಿಗಳಿವೆ. ಎಷ್ಟೋ ಸಲ ಆ ದಾರಿಯಲ್ಲಿ ಓಡಾಡಿದ್ದೇವೆ. ಹೆಸರಿನ ಅರ್ಥವನ್ನು ಯೋಚಿಸಿದವರು ಕಡಿಮೆ.

ಬಹಮನಿ ಸುಲ್ತಾನರ ಕಾಲದಲ್ಲಿ ಹಬ್ಶಿಗಳು ದಖ್ಖನಿಗೆ ದೊಡ್ಡ ಸಂಖ್ಯೆಯಲ್ಲಿ ಬಂದರು. ಹೆಚ್ಚಿನವರು ಬಾಲ್ಯದಲ್ಲೇ ಸೆರೆಸಿಕ್ಕು, ಕೆಂಪು ಸಮುದ್ರದ ಬಂದರುಗಳಲ್ಲಿ ಮಾರಾಟವಾಗಿ, ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದವರು. ಇಲ್ಲಿ ಅವರು ಸೈನಿಕರಾದರು, ಕಾವಲುಗಾರರಾದರು. ಸಾಮರ್ಥ್ಯವಿದ್ದವರು ಅಮೀರರೂ ಆದರು. ಕಲಬುರಗಿ ಭಾಗದ ಜಾಗೀರು ಹಿಡಿದಿದ್ದ ದಸ್ತೂರ್ ದೀನಾರ್ ಒಬ್ಬ ಹಬ್ಶಿ. ಆಸ್ಥಾನದಲ್ಲಿ ದಖ್ಖನಿಗಳು ಮತ್ತು ಪರದೇಶದಿಂದ ಬಂದ ಆಫಾಕಿಗಳ ನಡುವೆ ಜಗಳ ನಡೆದಾಗ ಹಬ್ಶಿಗಳು ಹೆಚ್ಚಾಗಿ ದಖ್ಖನಿಗಳ ಪಕ್ಷದಲ್ಲಿದ್ದರು. ಅವರದು ಬರೀ ಹೊಗಳಿಕೆಯ ಚರಿತ್ರೆಯಲ್ಲ. 1472ರಲ್ಲಿ ನಮ್ಮೂರಿಗೆ ಮದ್ರಸಾ ಕಟ್ಟಿಸಿಕೊಟ್ಟ ಮಹಮೂದ್ ಗವಾನರನ್ನು 1481ರಲ್ಲಿ ಸುಳ್ಳು ಪತ್ರದ ಆರೋಪದ ಮೇಲೆ ಕೊಲ್ಲಿಸಲಾಯಿತು. ಸುಲ್ತಾನನ ಆಜ್ಞೆಯಂತೆ ಕತ್ತಿ ಎತ್ತಿದವನೂ ಒಬ್ಬ ಹಬ್ಶಿ ಗುಲಾಮನೆಂದು ಇತಿಹಾಸಕಾರರು ಬರೆದಿದ್ದಾರೆ.

ಆದರೆ ಇದೇ ಬೀದರಿಗಾಗಿ ಪ್ರಾಣ ಕೊಟ್ಟವರೂ ಹಬ್ಶಿಯೇ. 1619ರಲ್ಲಿ ಬೀದರ್ ಬಿಜಾಪುರದ ಆದಿಲ್‌ಶಾಹಿಗಳ ಕೈಸೇರಿತು. ಅವರ ಪರವಾಗಿ ಬಹುಕಾಲ ಕೋಟೆಯನ್ನು ನೋಡಿಕೊಂಡವರು ಸೀದಿ ಮರ್ಜಾನ್. 1657ರಲ್ಲಿ ರಾಜಕುಮಾರ ಔರಂಗಝೇಬ್ ದೊಡ್ಡ ಸೈನ್ಯದೊಂದಿಗೆ ಬಂದು ಮುತ್ತಿಗೆ ಹಾಕಿದ. ವೃದ್ಧ ಮರ್ಜಾನ್ ಸುಮಾರು ನಾಲ್ಕು ವಾರ ಕೋಟೆ ಬಿಟ್ಟುಕೊಡಲಿಲ್ಲ. ಕೊನೆಗೆ ಮದ್ದಿನ ದಾಸ್ತಾನಿಗೆ ಬೆಂಕಿ ತಗುಲಿ ಸಿಡಿದಾಗ ಅವರೂ ಅವರ ಮಕ್ಕಳೂ ಸುಟ್ಟು ಗಾಯಗೊಂಡರು. ಆಮೇಲಷ್ಟೇ ಕೋಟೆ ಮೊಗಲರ ವಶವಾಯಿತು. ಆ ಗಾಯದಿಂದಲೇ ಮರ್ಜಾನ್ ತೀರಿಕೊಂಡರು.

ನೆರೆಯ ಅಹಮದ್‌ನಗರದ ಮಲಿಕ್ ಅಂಬರ್ ಕಥೆ ಇನ್ನೂ ದೊಡ್ಡದು. ಇಥಿಯೋಪಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ಕೈಯಿಂದ ಕೈಗೆ ಮಾರಾಟವಾಗಿ, ದಖ್ಖನಿಗೆ ಬಂದು, ಯಜಮಾನನ ಮರಣಾನಂತರ ಸ್ವತಂತ್ರನಾಗಿ, ನಿಝಾಮ್‌ಶಾಹಿ ರಾಜ್ಯದ ಆಡಳಿತವನ್ನೇ ಹಿಡಿದ ಮನುಷ್ಯ. ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿ 1626ರಲ್ಲಿ ತೀರಿಕೊಂಡ. ಗೋರಿ ಖುಲ್ದಾಬಾದಿನಲ್ಲಿದೆ.

ಹೀಗಿರುವಾಗ ಭಾಲ್ಕಿಯ ಒಂದು ಮನೆಯಲ್ಲಿ ಹಬ್ಶಿ ಹಿರಿಯರ ನೆನಪು ಉಳಿದಿರುವುದು ಅಸಾಧ್ಯವೇನಲ್ಲ. ಆದರೆ ಭರ್ಚಿ?

ಕಬ್ಬಿಣವನ್ನು ಓದುವುದು ಹೇಗೆ?

ಹಳೆಯ ಆಯುಧಗಳ ಅಭ್ಯಾಸ ಮಾಡಿದ ಪರಿಚಿತರೊಬ್ಬರು ನನಗೆ ಹೇಳಿದ ಮೊದಲ ಮಾತು ಇದು: "ಮೊನೆಯನ್ನು ಆಮೇಲೆ ನೋಡಿ, ಬುಡವನ್ನು ಮೊದಲು ನೋಡಿ." ಎಲೆಯಂಥ ಮೊನೆ ಹಲವು ದೇಶಗಳಲ್ಲಿ ಕಾಣುತ್ತದೆ. ಕಾವಿಗೆ ಅದನ್ನು ಕೂಡಿಸುವ ರೀತಿಯಲ್ಲಿ ಮಾತ್ರ ಕಮ್ಮಾರನ ಊರಿನ ಗುರುತು ಸಿಗುತ್ತದೆ.

ಕೂಡಿಸುವುದು ಎರಡು ಬಗೆ. ನಮ್ಮ ಅಡುಗೆಮನೆಯ ಚಾಕುವನ್ನೂ ಹೊಲದ ಗುದ್ದಲಿಯನ್ನೂ ನೆನಪಿಸಿಕೊಂಡರೆ ಸಾಕು. ಚಾಕುವಿನ ಅಲಗಿಗೆ ಹಿಂದೆ ಒಂದು ಬಾಲವಿರುತ್ತದೆ. ಅದನ್ನು ಮರದ ಹಿಡಿಯೊಳಗೆ ಇಳಿಸುತ್ತಾರೆ. ಗುದ್ದಲಿಗೆ ರಂಧ್ರವಿರುತ್ತದೆ, ಕಾವನ್ನೇ ಅದರೊಳಗೆ ತೂರಿಸುತ್ತಾರೆ. ದಕ್ಷಿಣ ಆಫ್ರಿಕಾದ ಝುಲು ಜನರ ಈಟಿಗಳು ಹೆಚ್ಚಾಗಿ ಚಾಕುವಿನಂತೆ. ಬಾಲವನ್ನು ಕಾಯಿಸಿ ಕೋಲಿನೊಳಗೆ ಇಳಿಸಿ, ಮೇಲೆ ಹಸಿ ಚರ್ಮ ಅಥವಾ ನಾರು ಸುತ್ತಿ ಬಿಗಿಯುತ್ತಾರೆ. ಪೂರ್ವ ಆಫ್ರಿಕಾ, ಸುಡಾನ್, ಇಥಿಯೋಪಿಯಾ ಕಡೆಯವು ಹೆಚ್ಚಾಗಿ ಕೊಳವೆಯವು.

ಕೊಳವೆಯಲ್ಲೂ ಭೇದವಿದೆ. ಆಫ್ರಿಕಾದ ಹಳ್ಳಿಯ ಕಮ್ಮಾರ ಕಬ್ಬಿಣವನ್ನು ಚಪ್ಪಟೆಯಾಗಿ ಬಡಿದು, ಕಡಲೆಕಾಯಿ ಕಟ್ಟುವ ಕಾಗದದ ಪೊಟ್ಟಣದಂತೆ ಸುತ್ತಿಬಿಡುತ್ತಾನೆ. ಅಂಚುಗಳು ಕೂಡುವಲ್ಲಿ ಸೀಳು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಇಷ್ಟರಿಂದಲೇ ಆಫ್ರಿಕಾದ್ದೆಂದು ತೀರ್ಮಾನಿಸಬಾರದು. ನಮ್ಮ ಹಳ್ಳಿಯ ಲುಹಾರರೂ ಹಾಗೆ ಸುತ್ತಿದ ಕೊಳವೆ ಮಾಡಿದ್ದಾರೆ. ಆದ್ದರಿಂದ ಎರಡು ಮೂರು ಗುರುತುಗಳು ಒಟ್ಟಿಗೆ ಸಿಗಬೇಕು.

ಎರಡನೆಯದು ಅಲಗಿನ ಮೈ. ಮಧ್ಯ ಆಫ್ರಿಕಾದ ಹಲವು ಈಟಿಗಳಲ್ಲಿ ಒಂದು ವಿಶೇಷವಿದೆ. ಅಲಗಿನ ನಡುಗೆರೆಯ ಒಂದು ಪಕ್ಕ ತಗ್ಗು, ಇನ್ನೊಂದು ಪಕ್ಕ ಉಬ್ಬು. ಮಗುಚಿದರೆ ತಗ್ಗಿನ ಹಿಂದೆ ಉಬ್ಬು, ಉಬ್ಬಿನ ಹಿಂದೆ ತಗ್ಗು. ಬೆರಳಾಡಿಸಿದರೆ ಅಲೆಯಂತೆ ತಿಳಿಯುತ್ತದೆ. ತೆಳ್ಳಗಿನ ಕಬ್ಬಿಣಕ್ಕೆ ಇದರಿಂದ ಗಡಸುತನ ಬರುತ್ತದೆ. ನಮ್ಮ ದಖ್ಖನಿನ ಈಟಿಗಳ ರೀತಿ ಬೇರೆ. ಎರಡೂ ಬದಿಗೆ ಒಂದೇ ಸಮನಾದ ಏಣು, ಅಥವಾ ನಾಲ್ಕು ಮೂಲೆಯ ದಪ್ಪ ಮೊನೆ. ಇಲ್ಲಿಯ ಸವಾರರು ಸರಪಳಿ ಕವಚ ತೊಡುತ್ತಿದ್ದರು. ಬಳೆಬಳೆಯಾಗಿ ಹೆಣೆದ ಆ ಕವಚವನ್ನು ತೂರಬೇಕಾದರೆ ಅಗಲವಾದ ಎಲೆ ಸಾಲದು, ದಬ್ಬಣದಂಥ ಮೊನೆ ಬೇಕು. ಎದುರಾಳಿ ತೊಟ್ಟ ಬಟ್ಟೆಯೇ ಈಟಿಯ ರೂಪವನ್ನು ನಿರ್ಧರಿಸುತ್ತದೆ ಎಂದಾಯಿತು.

ಮೂರನೆಯದು ಅಲಂಕಾರ. ಆಫ್ರಿಕಾದ ಮೊನೆಗಳ ಮೇಲೆ ಉಳಿಯಿಂದ ಕೊರೆದ ಗೆರೆ, ಚುಕ್ಕಿಗಳಿರಬಹುದು. ಕಾವಿಗೆ ತಾಮ್ರದ ಅಥವಾ ಹಿತ್ತಾಳೆಯ ತಂತಿ ಸುತ್ತಿರಬಹುದು. ದಖ್ಖನಿನ ಈಟಿಗಳಿಗೆ ಕತ್ತಿನಲ್ಲಿ ಬಳೆ ತೊಡಿಸಿದಂತೆ ಉಬ್ಬುಗಳಿರುತ್ತವೆ. ಕೆಲವಕ್ಕೆ ಚಿನ್ನ ಬೆಳ್ಳಿಯ ಕೋಫ್ತ್‌ಗಿರಿ ಕೆಲಸ ಇರುತ್ತದೆ.

ನಾಲ್ಕನೆಯದು ಮೋಸದ ಗುರುತು. ಪೂರ್ವ ಆಫ್ರಿಕಾದ ಮಾಸಾಯಿ ಜನರ ಉದ್ದ ಅಲಗಿನ ಈಟಿ ಪ್ರಸಿದ್ಧ. ಮೇಲೆ ಕಿರಿದಾದ ಉದ್ದನೆಯ ಅಲಗು, ನಡುವೆ ಹಿಡಿಯುವಷ್ಟೇ ಮರ, ಕೆಳಗೆ ಉದ್ದ ಕಬ್ಬಿಣದ ಸಲಾಕೆ. ಇದನ್ನು ಪ್ರವಾಸಿಗರಿಗೆಂದೇ ದಂಡಿಯಾಗಿ ಮಾಡಿ ಮಾರುತ್ತಾರೆ. ಕೊಲ್ಲಿ ದೇಶಗಳಿಂದ, ಆಫ್ರಿಕಾದಿಂದ ಬರುವವರ ಪೆಟ್ಟಿಗೆಗಳಲ್ಲಿ ಇಂಥವು ಬಂದಿರುವುದುಂಟು. ಗ್ರೈಂಡರಿನ ಗೆರೆ, ವೆಲ್ಡಿಂಗ್ ಗಂಟು, ಎಲ್ಲ ಕಡೆ ಒಂದೇ ದಪ್ಪದ ಕಾರ್ಖಾನೆ ತಗಡು ಕಂಡರೆ ಅದು ಅಜ್ಜನ ಕಾಲದ್ದಲ್ಲ.

ಬಿದ್ರಿ ಕೆಲಸಗಾರರ ಕಣ್ಣು

ಇಷ್ಟು ತಿಳಿದುಕೊಂಡು ನಮ್ಮ ಭರ್ಚಿಯನ್ನು ನೋಡಿದೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೂ ಹೋಗಿ ಅಲ್ಲಿಟ್ಟ ಹಳೆಯ ಆಯುಧಗಳನ್ನು ಕಣ್ತುಂಬ ನೋಡಿಬಂದೆ. ನಮ್ಮದಕ್ಕೆ ಕೊಳವೆಯಿದೆ, ಆದರೆ ಸೀಳು ಇಲ್ಲ. ಸೀಳಿರಬೇಕಾದಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ ಇದೆ. ಮೊನೆ ನಾಲ್ಕು ಮೂಲೆಯದು. ಕತ್ತಿನಲ್ಲಿ ಎರಡು ಉಬ್ಬು ಬಳೆಗಳು.

ಹಳದಿ ಗೆರೆಯನ್ನು ಭಾಲ್ಕಿ ಸಂತೆಯ ಹತ್ತಿರ ಕುಲುಮೆ ಇಟ್ಟಿರುವ ಹಿರಿಯ ಕಮ್ಮಾರರೊಬ್ಬರಿಗೆ ತೋರಿಸಿದೆ. "ಹಿತ್ತಾಳೆ ಬೆಸುಗೆ ಅಕ್ಕಾ. ಕಬ್ಬಿಣ ಸುತ್ತಿ, ಸೀಳಿನಲ್ಲಿ ಹಿತ್ತಾಳೆ ಕರಗಿಸಿ ಮುಚ್ಚಿದ್ದಾರೆ. ಇದು ನಮ್ಮ ಕಡೆಯ ಕೆಲಸ" ಎಂದರು. ಹಳೆಯ ಭಾರತೀಯ ಕತ್ತಿಗಳ ಹಿಡಿಯಲ್ಲೂ ಹೀಗೆಯೇ ಹಿತ್ತಾಳೆ ಬೆಸುಗೆ ಕಾಣುತ್ತದೆ.

ಕೊಳವೆಯ ಮೈಮೇಲೆ ಬಲೆಯಂತೆ ಅಡ್ಡಡ್ಡ ಗೀರುಗಳಿದ್ದವು. ಅವನ್ನು ತುಕ್ಕಿನ ಗುರುತೆಂದುಕೊಂಡಿದ್ದೆ. ಬೀದರಿನ ಬಿದ್ರಿ ಕೆಲಸಗಾರರೊಬ್ಬರು ಅದನ್ನು ಬೆಳಕಿಗೆ ಹಿಡಿದು ನಕ್ಕರು. "ಇದು ಬಿದ್ರಿಯಲ್ಲ ಬಾಜಿ. ಬಿದ್ರಿ ಸತು ಮತ್ತು ತಾಮ್ರದ ಎರಕ, ಆಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಇದಕ್ಕೆ ಅಂಟುತ್ತದೆ, ಕಬ್ಬಿಣ. ಕಬ್ಬಿಣಕ್ಕೆ ಬೆಳ್ಳಿ ಹಿಡಿಸಬೇಕಾದರೆ ಮೊದಲು ಹೀಗೆ ಗೀರು ಹಾಕಿ ಒರಟು ಮಾಡಬೇಕು. ಆಮೇಲೆ ಬೆಳ್ಳಿ ತಂತಿಯನ್ನು ಬಡಿದು ಕೂರಿಸಬೇಕು. ಬೆಳ್ಳಿ ಹೋಗಿದೆ, ಗೀರು ಉಳಿದಿದೆ." ಹುಡುಕಿ ನೋಡಿದಾಗ ಬಳೆಯ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಿ ಇನ್ನೂ ಇತ್ತು.

ಬೆಳ್ಳಿ ಹೋದದ್ದೆಲ್ಲಿಗೆ? ಫುಪ್ಪಿಯೇ ಹೇಳಿದರು. "ಪ್ರತಿ ರಮಝಾನಿನಲ್ಲಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದೆವು ಬೇಟಾ. ನನ್ನ ಅಮ್ಮಿಯೂ, ದಾದಿಯೂ." ತಾಮ್ರದ ಹಂಡೆ ಬೆಳಗಿದಂತೆ ಬೆಳಗಿದ ಪ್ರೀತಿಯೇ ಬೆಳ್ಳಿಯನ್ನು ತಿಂದಿತ್ತು. ಇದನ್ನು ಓದುವ ಸಹೋದರಿಯರಿಗೆ ಒಂದು ಕಿವಿಮಾತು. ಹಳೆಯ ಕಬ್ಬಿಣಕ್ಕೆ ಹುಣಸೆ, ನಿಂಬೆ, ಮರಳುಕಾಗದ ಮುಟ್ಟಿಸಬೇಡಿ. ಒಣ ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ತೇವ ಮುಟ್ಟದಲ್ಲಿ ಇಟ್ಟರೆ ಸಾಕು.

ಹಾಗಾದರೆ ದಾದಿ ಸುಳ್ಳು ಹೇಳಿದರೇ?

ನಾಲ್ಕು ಗುರುತುಗಳೂ ಒಂದೇ ಮಾತು ಹೇಳುತ್ತಿದ್ದವು. ಭರ್ಚಿ ಆಫ್ರಿಕಾದ್ದಲ್ಲ. ದಖ್ಖನಿನ ಕುಲುಮೆಯಲ್ಲಿ, ಇಲ್ಲಿಯ ಕಮ್ಮಾರನ ಕೈಯಲ್ಲಿ ಹುಟ್ಟಿದ್ದು. ನಾನು ಔರಾದಿಗೆ ಹೋಗಿ ಇದನ್ನು ಹೇಳಿದಾಗ ಆಪಾಳ ಮುಖ ಅರಳಿತು. "ಅಲ್‌ಹಮ್ದುಲಿಲ್ಲಾಹ್! ಹಾಗಾದರೆ ನಾವು ಹಬ್ಶಿಗಳಲ್ಲ. ಇನ್ನು ಯಾರು ಕೇಳಿದರೂ ಧೈರ್ಯವಾಗಿ ಹೇಳಬಹುದು."

ಮಗಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಕೆಳಗಿಟ್ಟು ಕೇಳಿದಳು, "ಖಾಲಾ, ಗುಲಾಮನಾಗಿ ಮಾರಾಟವಾದ ಹುಡುಗ ಹಡಗು ಹತ್ತುವಾಗ ಅವನ ಕೈಯಲ್ಲಿ ಈಟಿ ಇರಲು ಬಿಡುತ್ತಿದ್ದರೇ?"

ನಾನು ಇಷ್ಟು ದಿನ ಕೊಳವೆ, ಬೆಸುಗೆ ಎಂದು ಅಲೆದವಳು. ಈ ಸರಳ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಿಜ, ಯಾರು ಬಿಡುತ್ತಾರೆ? ಮಲಿಕ್ ಅಂಬರ್ ಈಟಿ ಹಿಡಿದು ಬರಲಿಲ್ಲ, ಬರಿಗೈಯಲ್ಲಿ ಬಂದ. ಸೀದಿ ಮರ್ಜಾನರ ಆಯುಧಗಳು ಬಿಜಾಪುರ, ಬೀದರಿನ ಕುಲುಮೆಗಳದ್ದೇ ಆಗಿದ್ದಿರಬೇಕು. ಸಮುದ್ರದಲ್ಲಿ ಹಡಗುಗಳ ಕಾವಲಿಗೆ ಹಬ್ಶಿ ಸೈನಿಕರಿದ್ದರೆಂದು 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾರೆ. ಅಂಥವರ ಕೈಯಲ್ಲಿ ಆಯುಧವಿತ್ತು. ಆದರೆ ಮಾರಾಟವಾಗಿ ಬಂದವರಿಗೆ ಆಯುಧ ಸಿಕ್ಕಿದ್ದು ಈ ಮಣ್ಣಿನಲ್ಲಿ. ಹಾಗಾಗಿ ದಖ್ಖನಿನ ಹಬ್ಶಿ ಸಿಪಾಯಿಯ ಮನೆಯಲ್ಲಿ ದಖ್ಖನಿನ ಭರ್ಚಿ ಸಿಗುವುದೇ ಸಹಜ. ಆಫ್ರಿಕಾದ್ದು ಸಿಕ್ಕಿದ್ದರೆ, ಇದು ಯಾವಾಗ, ಯಾರ ಜೊತೆ ಬಂತೆಂದು ಅನುಮಾನ ಪಡಬೇಕಿತ್ತು.

ಭರ್ಚಿ ತಾನು ಎಲ್ಲಿ ತಯಾರಾದೆನೆಂದು ಹೇಳಬಲ್ಲದು. ಹಿಡಿದವರ ವಂಶವನ್ನು ಹೇಳಲಾರದು. ದಾದಿಯ ಮಾತಿನಲ್ಲಿ ಅರ್ಧ ತಪ್ಪಿರಬಹುದು. ಪೂರ್ತಿ ತಪ್ಪೆನ್ನಲು ನಮ್ಮಲ್ಲಿ ಯಾವ ಆಧಾರವೂ ಇಲ್ಲ.

ನಾಚಿಕೆ ಯಾರಿಗೆ?

ಆಪಾ ಸುಮ್ಮನಾದರು. ಆಗ ಭಾಲ್ಕಿಯಿಂದ ನನ್ನ ಜೊತೆ ಬಂದಿದ್ದ ಫುಪ್ಪಿ ಮಾತಾಡಿದರು. "ಹಬ್ಶಿ ಎಂದರೆ ನಿನಗೆ ಯಾಕೆ ನಾಚಿಕೆ? ದಿನಕ್ಕೆ ಐದು ಸಲ ಅಝಾನ್ ಕೇಳುತ್ತೀ. ಮೊದಲು ಅಝಾನ್ ಕೂಗಿದವರು ಯಾರು?"

ಹಝ್ರತ್ ಬಿಲಾಲ್(ರ) ಹಬ್ಶಿಯಾಗಿದ್ದರು. ಈದ್‌ನ ದಿನ ಪ್ರವಾದಿವರ್ಯರು(ಸ) ಬಯಲಿನಲ್ಲಿ ನಮಾಝಿಗೆ ನಿಲ್ಲುವಾಗ ಅವರ ಮುಂದೆ ಸಣ್ಣ ಈಟಿಯೊಂದನ್ನು ನೆಡಲಾಗುತ್ತಿತ್ತು. ಬಿಲಾಲ್(ರ) ಅದನ್ನು ಹೊತ್ತು ತರುತ್ತಿದ್ದ ಪ್ರಸ್ತಾಪ ಹದೀಸ್‌ಗಳಲ್ಲಿದೆ. ಅದು ಹಬಶದ ದೊರೆ ನಜ್ಜಾಶಿ ಕಳಿಸಿದ್ದೆಂದು ಕೆಲವರು ಹೇಳಿದ್ದಾರೆ. ಅದೇ ನಜ್ಜಾಶಿ ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಹೋದ ಮುಸ್ಲಿಮರಿಗೆ ಕ್ರಿ.ಶ. 615ರ ಸುಮಾರಿಗೆ ಆಶ್ರಯ ಕೊಟ್ಟವರು. ಈದ್‌ನ ದಿನ ಪ್ರವಾದಿಯವರ ಮಸೀದಿಯಲ್ಲಿ ಹಬ್ಶಿಗಳು ಈಟಿ ಹಿಡಿದು ಆಟವಾಡಿದ್ದನ್ನೂ, ಹಝ್ರತ್ ಆಯಿಶಾ(ರ) ಪ್ರವಾದಿವರ್ಯರ(ಸ) ಹಿಂದೆ ನಿಂತು ಸಾಕೆನಿಸುವವರೆಗೂ ನೋಡಿದ್ದನ್ನೂ ನಾವು ಮಕ್ಕಳಿಗೆ ಹೇಳುತ್ತೇವೆ. ಬಿಳಿಯನಿಗೆ ಕರಿಯನ ಮೇಲೆ ಹಿರಿಮೆಯಿಲ್ಲ ಎಂಬ ವಿದಾಯ ಭಾಷಣದ ಮಾತನ್ನು ಸಭೆಗಳಲ್ಲಿ ಕೇಳಿ ತಲೆಯಾಡಿಸುತ್ತೇವೆ. ಹೆಣ್ಣು ನೋಡಲು ಹೋದಾಗ ಮಾತ್ರ ಕಣ್ಣು ಮೊದಲು ಬಣ್ಣದ ಮೇಲೆ ಹೋಗುತ್ತದೆ. ಕೇಳಿದ ಮಾತಿಗೂ ಚಹಾದ ಬಟ್ಟಲಿಗೂ ನಡುವೆ ನಮ್ಮ ದೀನ್ ಎಲ್ಲಿ ಬಿದ್ದುಹೋಗುತ್ತದೆ?

ಆಫ್ರಿಕಾ ಮೂಲದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡಂಚಿನ ಸಿದ್ದಿ ಸಮುದಾಯದಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಹೈದರಾಬಾದಿನ ಎ.ಸಿ. ಗಾರ್ಡ್ಸ್ ಮೊಹಲ್ಲಾದ ಹೆಸರು ನಿಝಾಮರ ಆಫ್ರಿಕನ್ ಕುದುರೆ ಪಡೆಯಿಂದ ಬಂದದ್ದು. ನಮ್ಮ ಬೀದರ್ ಕೂಡ 1948ರವರೆಗೆ ಅದೇ ನಿಝಾಮರ ಸೀಮೆಯಲ್ಲಿತ್ತು. 2023ರಲ್ಲಿ ನಮ್ಮ ಬೀದರಿನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಗುಜರಾತಿನ ಸಿದ್ದಿ ಮಹಿಳೆ ಹೀರಾಬಾಯಿ ಲೋಬಿಯವರಿಗೂ ಪದ್ಮಶ್ರೀ ಬಂತು. ತನ್ನ ಸಮುದಾಯದ ಹೆಂಗಸರ ದುಡಿಮೆಗೂ ಮಕ್ಕಳ ಓದಿಗೂ ದಾರಿ ಮಾಡಿದ ತಾಯಿ ಅವರು.

ಮನೆಯಲ್ಲಿ ಹಳೆಯ ವಸ್ತು ಸಿಕ್ಕರೆ

ನಿಮ್ಮ ಮನೆಯಲ್ಲೂ ಹೀಗೆ ಏನಾದರೂ ಸಿಗಬಹುದು. ಗುಜರಿಗೆ ಹಾಕುವ ಮೊದಲು ಎರಡೂ ಬದಿಯ, ಬುಡದ ಫೋಟೋ ತೆಗೆಯಿರಿ; ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಹಿರಿಯರು ಹೇಳುವ ಕಥೆಯನ್ನು ಅವರ ಮಾತಿನಲ್ಲೇ ಬರೆದಿಡಿ. ಕಥೆ ಬೇರೆ, ಪರೀಕ್ಷೆ ಬೇರೆ. ಒಂದನ್ನು ಇನ್ನೊಂದರ ಮೇಲೆ ಹೇರಬೇಡಿ. 1972ರ ಪ್ರಾಚ್ಯವಸ್ತು ಕಾಯಿದೆಯಂತೆ 100 ವರ್ಷ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊಲ ಉಳುವಾಗ, ಪಾಯ ತೋಡುವಾಗ ಬೆಲೆಬಾಳುವ ಹಳೆಯ ವಸ್ತು ಸಿಕ್ಕರೆ ಸರಕಾರಕ್ಕೆ ತಿಳಿಸಲೇಬೇಕು. ಬಾಗಿಲಿಗೆ ಬಂದು "ಆಫ್ರಿಕಾದ ಅಸಲಿ ಮಾಲು" ಎನ್ನುವವನ ಮಾತು ನಂಬಿ ಅವಸರಪಡಬೇಡಿ. ನಮ್ಮ ಬಾಗಿಲಿಗೆ ಬಂದವನು ಭರ್ಚಿಯ ಬುಡವನ್ನು ತಿರುಗಿಸಿಯೂ ನೋಡಿರಲಿಲ್ಲ.

ಭರ್ಚಿ ಈಗ ಔರಾದಿನಲ್ಲಿದೆ. ಫುಪ್ಪಿ ಅದನ್ನು ಮೊಮ್ಮಗಳ ಕೈಗೇ ಕೊಟ್ಟರು. "ಇನ್ನು ತಿಕ್ಕಬೇಡ" ಎಂದು ಎರಡು ಸಲ ಹೇಳಿದರು. ಅವಳು ಬಿ.ಎಡ್. ಸೇರಿದ್ದಾಳೆ. ಹೊಸ ರಿಷ್ತಾ ಒಂದರ ಮಾತು ನಡೆಯುತ್ತಿದೆ. ಅವರು ಬರುವ ದಿನ ಏನು ಹೇಳಬೇಕು, ಏನು ಹೇಳಬಾರದು ಎಂದು ಆಪಾ ನನ್ನನ್ನು ಕೇಳಿದರು. ನಾನು ಉತ್ತರಿಸುವ ಮೊದಲೇ ಹುಡುಗಿ ಹೇಳಿದಳು, "ಅಮ್ಮಿ, ಭರ್ಚಿಯನ್ನು ಕಪಾಟಿನ ಮೇಲೆಯೇ ಇಟ್ಟಿರುತ್ತೇನೆ. ಕೇಳಿದರೆ ನಾನೇ ಹೇಳುತ್ತೇನೆ."